ಗಾಡಿ ನಿಮ್ಮದು, ಕೀಲಿಕೈ ಅವರ ಹತ್ತಿರ

ಈ ಸಲ ಆರಿಸಿದ ಪ್ರಶ್ನೆಗಳೆಲ್ಲ ಕಾರ್ ರೇಸಿಂಗ್ ಆಟಗಳವು. ಆಟ ಚೆನ್ನಾಗಿಲ್ಲ ಎಂದು ಯಾರೂ ಬರೆದಿಲ್ಲ. ಆಟಕ್ಕೆ ಹಾಕಿರುವ ಬೀಗವೇ ಎಲ್ಲರ ತಕರಾರು. ಉತ್ತರಗಳಲ್ಲಿ ಪದೇ ಪದೇ ಬರುವುದರಿಂದ ಬೀಗದ ಬಗೆಗಳನ್ನು ಮೊದಲೇ ಹೇಳಿಬಿಡುತ್ತೇವೆ. ಡಿಸ್ಕ್ ಅಸಲಿಯೋ ಎಂದು ಕಂಪ್ಯೂಟರ್‌ನಲ್ಲೇ ಪರೀಕ್ಷಿಸುವುದು ಒಂದು ಬಗೆ. ಮೊದಲ ಸಲ ಮಾತ್ರ ಇಂಟರ್ನೆಟ್‌ನಲ್ಲಿ ಕೀ (ಆಟದ ಜೊತೆ ಕೊಡುವ ಗುಪ್ತ ಸಂಖ್ಯೆ) ಪರಿಶೀಲಿಸುವುದು ಇನ್ನೊಂದು. ಪ್ರತಿ ಸಲ ಆಟ ತೆರೆಯುವಾಗ ಲಾಗಿನ್ ಕೇಳುವುದು ಮೂರನೆಯದು. ನಾಲ್ಕನೆಯದರಲ್ಲಿ ಆಟದ ಒಂದು ಭಾಗವೇ ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಮೊದಲ ಮೂರಕ್ಕೆ ಏನಾದರೊಂದು ದಾರಿ ಇದೆ, ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಕಂಪನಿಯೇ ಮನಸ್ಸು ಮಾಡಬೇಕು.

ಪ್ರಶ್ನೆ: ‘ದಿ ಕ್ರೂ’ ಆಟದ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಡಿಸ್ಕ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಡಿಸ್ಕ್‌ನಲ್ಲಿ ಒಂದು ಗೀರೂ ಇಲ್ಲ, ಇನ್‌ಸ್ಟಾಲ್ ಪೂರ್ತಿ ಆಯಿತು, ಆದರೆ ಶುರುವಿನ ಪರದೆ ದಾಟಿ ಮುಂದೆ ಹೋಗುವುದಿಲ್ಲ. ಒಬ್ಬನೇ ಆಡುವ ಕಥೆಯ ಭಾಗವಾದರೂ ನಡೆಯಬೇಕಲ್ಲವೇ? (ದಾವಣಗೆರೆಯ ಓದುಗರು)

ಉತ್ತರ: ನಡೆಯುವುದಿಲ್ಲ. ಡಿಸ್ಕ್‌ನದಾಗಲಿ ನಿಮ್ಮ ಪಿಎಸ್4ನದಾಗಲಿ ತಪ್ಪಲ್ಲ. ಯೂಬಿಸಾಫ್ಟ್ ಈ ಆಟವನ್ನು ಬಿಡುಗಡೆ ಮಾಡಿದ್ದು 2014ರ ಡಿಸೆಂಬರ್ 2ರಂದು. 2023ರ ಡಿಸೆಂಬರ್‌ನಲ್ಲಿ ಅಂಗಡಿಗಳಿಂದ ತೆಗೆಯಿತು, 2024ರ ಮಾರ್ಚ್ 31ಕ್ಕೆ ಸರ್ವರ್‌ಗಳನ್ನು ಮುಚ್ಚಿತು. ಅಂದಿನಿಂದ ಡಿಸ್ಕ್ ಇದ್ದವರಿಗೂ ಡಿಜಿಟಲ್ ಕೊಂಡವರಿಗೂ ಆಟ ಇಲ್ಲ. ಪಿಸಿಯಲ್ಲಿ ಕೊಂಡಿದ್ದ ಅನೇಕರ ಖಾತೆಯಿಂದ ಲೈಸೆನ್ಸನ್ನೇ ಹಿಂದಕ್ಕೆ ಪಡೆದದ್ದು ಗಾಯದ ಮೇಲೆ ಬರೆ ಎಳೆದಂತಾಯಿತು.

ಹೊಟ್ಟೆ ಉರಿಯುವುದು ಯಾಕೆಂದರೆ ಆಟ ಅಷ್ಟು ಚೆನ್ನಾಗಿತ್ತು. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ನಕ್ಷೆ ಮಾಡಿದ್ದರು. ನ್ಯೂಯಾರ್ಕ್‌ನಲ್ಲಿ ಗಾಡಿ ಹತ್ತಿ ಲಾಸ್ ಏಂಜಲೀಸ್‌ನಲ್ಲಿ ಇಳಿಯಲು ಮುಕ್ಕಾಲು ಗಂಟೆಯ ಮೇಲೆ ಹಿಡಿಯುತ್ತಿತ್ತು, ನಡುವೆ ಎಲ್ಲೂ ‘ಲೋಡಿಂಗ್’ ಎಂದು ನಿಲ್ಲುತ್ತಿರಲಿಲ್ಲ. ಕಥೆಯ ಭಾಗವನ್ನು ಒಬ್ಬರೇ ಮುಗಿಸಬಹುದಿತ್ತು. ಹಾಗಿದ್ದರೂ ಸರ್ವರ್ ಯಾಕೆ ಬೇಕಿತ್ತು? ರಸ್ತೆ, ಗಾಡಿ, ಸದ್ದು ಎಲ್ಲ ನಿಮ್ಮ ಡಿಸ್ಕ್‌ನಲ್ಲಿವೆ. ಆದರೆ ನಿಮ್ಮ ಗ್ಯಾರೇಜಿನಲ್ಲಿ ಯಾವ ಗಾಡಿ ಇದೆ, ಯಾವ ಮಿಷನ್ ಮುಗಿದಿದೆ, ಎಷ್ಟು ದುಡ್ಡಿದೆ ಎಂಬ ಲೆಕ್ಕ ಸರ್ವರ್‌ನಲ್ಲಿತ್ತು. ಆಟ ತೆರೆದೊಡನೆ ಮೊದಲು ಅದನ್ನೇ ಕೇಳುತ್ತದೆ. ಉತ್ತರ ಕೊಡುವವರು ಇಲ್ಲವಾದ್ದರಿಂದ ಅಲ್ಲೇ ನಿಲ್ಲುತ್ತದೆ. ನಾವು ನಾಲ್ಕನೆಯದು ಎಂದ ಬೀಗ ಇದೇ.

ಪಿಎಸ್4ನಲ್ಲಿ ಏನೂ ಮಾಡುವ ಹಾಗಿಲ್ಲ. ಡಿಸ್ಕ್ ಕೊಟ್ಟವರು ವ್ಯಾಪಾರಿಯಾಗಿದ್ದು ‘ಆಡುವ ಸ್ಥಿತಿಯಲ್ಲಿದೆ’ ಎಂದು ಹೇಳಿ ಮಾರಿದ್ದರೆ ಹಣ ವಾಪಸ್ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ವ್ಯವಹಾರದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಬಿಲ್ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಎರಡೂ ಇಲ್ಲದಿದ್ದರೆ ಇನ್ನೂರು ಮುನ್ನೂರು ರೂಪಾಯಿಗೆ ಅಷ್ಟು ಅಲೆಯುವುದು ಬೇಡ ಎಂದೇ ನಮ್ಮ ಸಲಹೆ.

ಪ್ರಶ್ನೆ: ದಿ ಕ್ರೂ ಬಂದ್ ಆತು, ಖರೆ. ಆದ್ರ ‘ದಿ ಕ್ರೂ 2’ ಈಗ ಆಫ್‌ಲೈನ್ ಆಡಬಹುದು ಅಂತಾರಲ್ಲ, ತಗೋಬಹುದೇನು? ಹಳೇದನ್ನ ಯಾರೋ ಮತ್ತ ಚಾಲೂ ಮಾಡ್ಯಾರಂತ, ಅದೇನು? (ಹುಬ್ಬಳ್ಳಿಯ ಓದುಗರು)

ಉತ್ತರ: ಎರಡೂ ಹೌದು. ಮೊದಲ ಆಟ ಮುಚ್ಚಿದಾಗ ಎದ್ದ ಕೂಗಿನಿಂದಲೇ 2024ರ ಏಪ್ರಿಲ್‌ನಲ್ಲಿ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುಮಾಡಿದರು. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕ ಮನವಿ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿಗಳ ಗಡಿ ದಾಟಿತು. ಆಟವನ್ನು ಸದಾಕಾಲ ನಡೆಸಿ ಎಂದು ಅವರು ಕೇಳುತ್ತಿಲ್ಲ. ಅಂಗಡಿ ಮುಚ್ಚುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತಿದ್ದಾರೆ. ಯೂಬಿಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲಿ ಕ್ರೂ 2 ಮತ್ತು ಅದೇ ಸರಣಿಯ ಮೂರನೆಯ ಆಟ ಮೋಟಾರ್‌ಫೆಸ್ಟ್ ಎರಡಕ್ಕೂ ಆಫ್‌ಲೈನ್ ವ್ಯವಸ್ಥೆ ಕೊಡುವುದಾಗಿ ಹೇಳಿತು. ಕ್ರೂ 2ಕ್ಕೆ 2025ರ ಅಕ್ಟೋಬರ್‌ನಲ್ಲಿ ‘ಹೈಬ್ರಿಡ್ ಮೋಡ್’ ಎಂಬ ಹೆಸರಲ್ಲಿ ಅದು ಬಂತು.

ಕೊಂಡರೆ ಒಂದು ಕೆಲಸ ಮರೆಯಬೇಡಿ. ಆನ್‌ಲೈನ್ ಇರುವಾಗಲೇ ನಿಮ್ಮ ಪ್ರಗತಿಯನ್ನು ಆಫ್‌ಲೈನ್ ಸೇವ್‌ಗೆ ನಕಲು ಮಾಡಿಕೊಳ್ಳಿ. ಈ ದಾರಿ ಒಮ್ಮುಖ: ಆಫ್‌ಲೈನ್‌ನಲ್ಲಿ ಗೆದ್ದದ್ದು ಆನ್‌ಲೈನ್ ಗ್ಯಾರೇಜಿಗೆ ಸೇರುವುದಿಲ್ಲ. ಉಳಿದವರ ಜೊತೆ ಆಡುವ ಭಾಗ ಆಫ್‌ಲೈನ್‌ನಲ್ಲಿ ಸಿಗದು. ಅಪ್‌ಡೇಟ್ ಇಳಿಸದೆ ಇರುವ ಹಳೆಯ ಡಿಸ್ಕ್‌ಗೆ ಈ ಮೋಡ್ ಇರುವುದಿಲ್ಲ, ಹಾಗಾಗಿ ಮೊದಲ ದಿನ ಇಂಟರ್ನೆಟ್ ಬೇಕೇ ಬೇಕು.

ಹಳೆಯದನ್ನು ಎಬ್ಬಿಸಿದವರು ಅಭಿಮಾನಿಗಳು. ‘ದಿ ಕ್ರೂ ಅನ್‌ಲಿಮಿಟೆಡ್’ ಎಂಬ ಅವರ ತಂಡ ಯೂಬಿಸಾಫ್ಟ್ ಸರ್ವರ್ ಆಡುತ್ತಿದ್ದ ಮಾತನ್ನು ಅನುಕರಿಸುವ ಸಾಫ್ಟ್‌ವೇರ್ ಬರೆದು 2025ರ ಸೆಪ್ಟೆಂಬರ್‌ನಲ್ಲಿ ಹೊರತಂದಿತು. ಪಿಸಿಗೆ ಮಾತ್ರ, ಆಟದ ಮೂಲ ಫೈಲುಗಳು ನಿಮ್ಮಲ್ಲಿರಬೇಕು, ಕಂಪನಿಯ ಅಧಿಕೃತ ಒಪ್ಪಿಗೆ ಇದಕ್ಕಿಲ್ಲ. ಸರ್ವರ್ ಹೇಗೆ ಮಾತಾಡುತ್ತಿತ್ತು ಎಂಬುದನ್ನು ಅದು ಜೀವಂತ ಇರುವಾಗಲೇ ದಾಖಲಿಸಿ ಇಟ್ಟುಕೊಂಡಿದ್ದರೆ ಮಾತ್ರ ಇಂಥ ಕೆಲಸ ಸಾಧ್ಯ. ಎಲ್ಲ ಆಟಕ್ಕೂ ಆ ಯೋಗ ಇರುವುದಿಲ್ಲ.

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ಕಡೆ ಕರೆಂಟು ಕಣ್ಣಾಮುಚ್ಚಾಲೆ. ಇನ್ವರ್ಟರ್ ಇದ್ದರೂ ‘ಗ್ರಾನ್ ಟ್ಯುರಿಸ್ಮೊ 7’ ರೇಸ್ ಮಧ್ಯೆ ಸಂಪರ್ಕ ಕಡಿದು ಆಟದಿಂದ ಆಚೆ ಹಾಕುತ್ತದೆ. ನಾನು ಕಂಪ್ಯೂಟರ್ ಜೊತೆ ಮಾತ್ರ ಆಡುವುದು. ಪರಿಹಾರ ಇದೆಯೇ? (ಸಾಗರದ ಓದುಗರು)

ಉತ್ತರ: ಮೊದಲು ಕಾರಣ. ಈ ಆಟದಲ್ಲಿ ನಿಮ್ಮ ಸೇವ್ ಇರುವುದು ಸರ್ವರ್‌ನಲ್ಲಿ. ಸೇವ್ ತಿದ್ದಿ ಮೋಸ ಮಾಡುವುದನ್ನು ತಡೆಯಲು ಹೀಗೆ ಮಾಡಿದ್ದೇವೆ ಎಂದು ನಿರ್ಮಾಪಕ ಕಜುನೋರಿ ಯಮಾವುಚಿ ಹೇಳಿದ್ದಾರೆ. ಆಟದೊಳಗಿನ ಕ್ರೆಡಿಟ್‌ಗಳನ್ನು ಅಸಲಿ ದುಡ್ಡಿಗೂ ಮಾರುತ್ತಾರೆ ಎಂಬುದನ್ನು ಅದರ ಪಕ್ಕದಲ್ಲೇ ಇಟ್ಟು ನೋಡಿ. ಸಂಪರ್ಕ ಇಲ್ಲದಾಗ ಮ್ಯೂಸಿಕ್ ರ‍್ಯಾಲಿ ಮತ್ತು ಕೆಲವೇ ಗಾಡಿ, ಟ್ರ್ಯಾಕ್‌ಗಳ ಬಿಡಿ ರೇಸ್ ಬಿಟ್ಟರೆ ಬೇರೇನೂ ತೆರೆಯದು. ಆಟ ಬಂದದ್ದು 2022ರ ಮಾರ್ಚ್ 4ಕ್ಕೆ. ಎರಡೇ ವಾರದಲ್ಲಿ, ಮಾರ್ಚ್ 17ರಂದು, 1.07 ಅಪ್‌ಡೇಟ್‌ನಲ್ಲಿ ದೋಷ ಕಂಡು ಸರ್ವರ್ ನಿಲ್ಲಿಸಿದರು. ಮೂವತ್ತು ಗಂಟೆಗೂ ಹೆಚ್ಚು ಕಾಲ ಜಗತ್ತಿನಲ್ಲಿ ಯಾರೂ ತಮ್ಮ ಗ್ಯಾರೇಜ್ ತೆರೆಯಲು ಆಗಲಿಲ್ಲ. ಆಮೇಲೆ ಎಲ್ಲರಿಗೂ 10 ಲಕ್ಷ ಕ್ರೆಡಿಟ್ ಕೊಟ್ಟು ಸಮಾಧಾನ ಮಾಡಿದರು.

ಇನ್ನು ನಿಮ್ಮ ಮನೆಯ ವಿಷಯ. ಇನ್ವರ್ಟರ್ ಹಿಂದೆ ಅಥವಾ ಮುಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ: ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೊ’. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋಗಿ ಬ್ಯಾಟರಿಗೆ ದಾಟುವಷ್ಟರಲ್ಲಿ ಕಣ್ಣಿಗೆ ಕಾಣದ ಒಂದು ಬಿಡುವು ಆಗುತ್ತದೆ. ಫ್ಯಾನಿಗೆ ಅದು ಗೊತ್ತಾಗದು, ರೌಟರ್ ಮಾತ್ರ ಸತ್ತು ಹುಟ್ಟುತ್ತದೆ. ಹುಟ್ಟಿದ ಮೇಲೆ ಫೈಬರ್ ಪೆಟ್ಟಿಗೆ ಮತ್ತೆ ಜಾಲಕ್ಕೆ ಸೇರಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ, ಆಟ ಅಷ್ಟು ಕಾಯುವುದಿಲ್ಲ. ಸ್ವಿಚ್ಚನ್ನು ಯುಪಿಎಸ್ ಕಡೆ ಹಾಕಿ. ಅನೇಕ ಮನೆಗಳಲ್ಲಿ ಇಷ್ಟಕ್ಕೇ ಕಾಟ ಮುಗಿಯುತ್ತದೆ.

ಮುಗಿಯದಿದ್ದರೆ ರೌಟರ್‌ಗೆಂದೇ ಮಿನಿ ಯುಪಿಎಸ್ ಹಾಕಿ. ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಮೇಲಿನ ಚೀಟಿ ಓದಿ. ಹೆಚ್ಚಿನವು 12 ವೋಲ್ಟ್, 1ರಿಂದ 2 ಆಂಪಿಯರ್. ಕೆಲವು 9 ವೋಲ್ಟ್‌ನವೂ ಇವೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್‌ನ ನಡುಭಾಗ ಪ್ಲಸ್ ಎಂದು ಎರಡರಲ್ಲೂ ಗುರುತಿರಬೇಕು. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ‘ಪ್ರಯೋಜನವಾಗಲಿಲ್ಲ’ ಎನ್ನುವವರು ಬಹಳ.

ಕರೆಂಟು ಇದ್ದಾಗಲೂ ಕಡಿಯುತ್ತದೆಯೇ? ಹಾಗಾದರೆ ಲ್ಯಾಪ್‌ಟಾಪನ್ನು ಅದೇ ವೈಫೈಗೆ ಸೇರಿಸಿ ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆಯಿರಿ. ಒಂದರಲ್ಲಿ ರೌಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ ವಿಳಾಸವಾದ 1.1.1.1ಕ್ಕೆ ನಿಲ್ಲದ ಪಿಂಗ್ (‘ಇದ್ದೀಯಾ’ ಎಂದು ಕೇಳಿ ಉತ್ತರ ಕಾಯುವ ಆಜ್ಞೆ) ಹಾಕಿ. ಆಜ್ಞೆಯ ಕೊನೆಗೆ ‘ಡ್ಯಾಶ್ ಟಿ’ ಸೇರಿಸಿದರೆ ಅದು ತಾನೇ ನಿಲ್ಲುವುದಿಲ್ಲ. ಆಟ ಕಡಿದ ಗಳಿಗೆಯಲ್ಲಿ ಎರಡೂ ‘ಟೈಮ್ಡ್ ಔಟ್’ ಎಂದರೆ ತೊಂದರೆ ವೈಫೈನದು. ಕ್ಯಾಟ್ 5ಇ ಅಥವಾ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು ಕನ್ಸೋಲ್‌ಗೆ ನೇರ ಚುಚ್ಚಿ. ರೌಟರ್ ಉತ್ತರಿಸುತ್ತಿದ್ದು 1.1.1.1 ಮಾತ್ರ ಮೌನವಾದರೆ ತೊಂದರೆ ಹೊರಗೆ. ಆಗ ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ದೀಪ ಕೆಂಪಾಗಿದೆಯೇ ನೋಡಿ. ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ತಂತಿ ಎಲ್ಲೋ ತುಂಡಾಗಿದೆ ಅಥವಾ ಮಡಚಿದೆ. ಕೆಂಪಿಲ್ಲದೆಯೂ ನೆಟ್ ಇಲ್ಲವೆಂದರೆ ಬೀದಿಯ ಪೆಟ್ಟಿಗೆಯಲ್ಲೋ ಅದರಾಚೆಗೋ ಕರೆಂಟು ಹೋಗಿರಬಹುದು. ಅದಕ್ಕೆ ನಿಮ್ಮ ಮನೆಯಲ್ಲಿ ಮದ್ದಿಲ್ಲ.

ನಡುವೆ ಫೋನಿನ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ರೇಸ್ ಉಳಿಸಿಕೊಳ್ಳಲು ನೋಡಬೇಡಿ. ಜಾಲ ಬದಲಾದರೆ ವಿಳಾಸವೂ ಬದಲಾಗುತ್ತದೆ, ಇದ್ದ ಸಂಪರ್ಕ ಕಡಿದೇ ಕಡಿಯುತ್ತದೆ. ಗುಡುಗು ಶುರುವಾಗುವ ಹೊತ್ತಿಗೇ ಹಾಟ್‌ಸ್ಪಾಟ್‌ನಲ್ಲಿ ಲಾಗಿನ್ ಆಗಿ ಕೂತರೆ ಸರಿ. ಆಟ ಸರ್ವರ್ ಜೊತೆ ನಡೆಸುವ ಪರಿಶೀಲನೆಗೆ ಬೇಕಾದ ಡೇಟಾ ಅತ್ಯಲ್ಪ. ಡೇಟಾ ನುಂಗುವುದು ಅಪ್‌ಡೇಟ್‌ಗಳು, ಅವನ್ನು ಫೈಬರ್‌ನಲ್ಲೇ ಮುಗಿಸಿಡಿ. ಮೋಡ ಕವಿದ ಸಂಜೆ ಕ್ರೆಡಿಟ್ ಗಳಿಸಬೇಕೆಂದಿದ್ದರೆ ಸ್ಪಾ ಟ್ರ್ಯಾಕ್‌ನ ಒಂದು ಗಂಟೆಯ ರೇಸ್ ಬಿಟ್ಟು ಸಾರ್ಡೀನಿಯ ಟ್ರ್ಯಾಕ್‌ನ 15 ಸುತ್ತಿನ ರೇಸ್ ಆರಿಸಿ. ಕಳೆದುಕೊಂಡರೂ ಅರ್ಧ ಗಂಟೆಯೊಳಗಿನದು.

ಇದೇ ಸರಣಿಯ ಹಿಂದಿನ ಆಟ ‘ಗ್ರಾನ್ ಟ್ಯುರಿಸ್ಮೊ (ಜಿಟಿ) ಸ್ಪೋರ್ಟ್’ಗೂ ಇಂಥದೇ ಬೀಗ ಇತ್ತು. ಅದರ ಸರ್ವರ್ 2024ರ ಜನವರಿ 31ಕ್ಕೆ ಮುಚ್ಚುವ ಮೊದಲು ಆಫ್‌ಲೈನ್‌ನಲ್ಲಿ ಸೇವ್ ಆಗುವಂತೆ ಅಪ್‌ಡೇಟ್ ಕೊಟ್ಟರು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆ: ನೆಟ್ ಇಲ್ಲದಾಗ ಪಿಎಸ್5ನಲ್ಲಿ ನಾನು ಡಿಜಿಟಲ್ ಕೊಂಡ ಯಾವ ರೇಸಿಂಗ್ ಆಟವೂ ತೆರೆಯುವುದಿಲ್ಲ, ಬೀಗದ ಚಿತ್ರ ಬರುತ್ತದೆ. ತಮ್ಮನ ಡಿಸ್ಕ್ ಆಟ ಮಾತ್ರ ನಡೆಯುತ್ತದೆ. (ಹಾಸನದ ಓದುಗರು)

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ‘ಯೂಸರ್ಸ್ ಅಂಡ್ ಅಕೌಂಟ್ಸ್’, ಅದರೊಳಗೆ ‘ಅದರ್’, ಅದರೊಳಗೆ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’. ನೆಟ್ ಇರುವಾಗ ಅದನ್ನು ‘ಎನೇಬಲ್’ ಮಾಡಿ. ಒಂದು ಖಾತೆಗೆ ಒಂದೇ ಪಿಎಸ್5 ಹೀಗೆ ಗುರುತಾಗುತ್ತದೆ. ಹಳೆಯ ಕನ್ಸೋಲ್ ಮಾರಿದ್ದರೆ, ಸ್ನೇಹಿತರ ಮನೆಯಲ್ಲಿ ಲಾಗಿನ್ ಆಗಿದ್ದರೆ ಗುರುತು ಅಲ್ಲಿಗೆ ಹೋಗಿರುವುದು ಸಾಮಾನ್ಯ. ಜಿಟಿ7ರಂಥ ಆಟಗಳ ಸರ್ವರ್ ಬೀಗ ಇದರಿಂದ ಸಡಿಲವಾಗದು.

ಪ್ರಶ್ನೆ: 2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಅಸಲಿ ಡಿಸ್ಕ್ ಇದೆ. ವಿಂಡೋಸ್ 11ರಲ್ಲಿ ಇನ್‌ಸ್ಟಾಲ್ ಆಗುತ್ತದೆ, ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಕಂಪ್ಯಾಟಿಬಿಲಿಟಿ ಮೋಡ್ ಹಾಕಿಯೂ ನೋಡಿದೆ. (ಕೋಲಾರದ ಓದುಗರು)

ಉತ್ತರ: ಹಳೆಯ ವಿಂಡೋಸ್‌ನಂತೆ ನಟಿಸುವ ಕಂಪ್ಯಾಟಿಬಿಲಿಟಿ ಮೋಡ್‌ನಿಂದ ಪ್ರಯೋಜನವಿಲ್ಲ, ಇಲ್ಲದ ಡ್ರೈವರನ್ನು (ವಿಂಡೋಸ್‌ನ ಒಳಗೆ ಕೂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಅದು ಹುಟ್ಟಿಸಲಾರದು. ರಾಕ್‌ಪೋರ್ಟ್ ಊರು, ಹದಿನೈದು ಮಂದಿಯ ಬ್ಲಾಕ್‌ಲಿಸ್ಟ್, ರೇಜರ್ ಕಸಿದುಕೊಂಡ ಬಿಎಂಡಬ್ಲ್ಯು ಎಂ3 ಜಿಟಿಆರ್; ಸೈಬರ್ ಕೆಫೆ ಕಾಲದವರಿಗೆ ಈ ಆಟದ ಪರಿಚಯ ಬೇಕಿಲ್ಲ. ಅದಕ್ಕೆ ಹಾಕಿರುವುದು ‘ಸೇಫ್‌ಡಿಸ್ಕ್’ ಎಂಬ ಬೀಗ. ಇನ್‌ಸ್ಟಾಲರ್‌ಗೆ ಬೀಗವಿಲ್ಲ, ಹಾಗಾಗಿ ಫೈಲುಗಳು ಸಲೀಸಾಗಿ ಇಳಿದವು. ಬೀಗ ಇರುವುದು ‘ಸ್ಪೀಡ್’ ಎಂಬ ಮುಖ್ಯ ಪ್ರೋಗ್ರಾಮಿಗೆ. ಅದು ತೆರೆಯುವಾಗ ‘ಸೆಕ್‌ಡಿಆರ್‌ವಿ’ ಎಂಬ ಡ್ರೈವರ್ ಮೂಲಕ ಡಿಸ್ಕ್‌ನ ಗುರುತು ಓದುತ್ತದೆ. ಆ ಡ್ರೈವರ್ ವಿಂಡೋಸ್‌ನ ಒಳಗರ್ಭದಲ್ಲಿ, ಎಲ್ಲ ಅಧಿಕಾರದೊಂದಿಗೆ ಓಡುವಂಥದು. 2007ರಲ್ಲೇ ಅದರಲ್ಲಿ ಭದ್ರತಾ ದೋಷ ಸಿಕ್ಕಿತ್ತು. ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಅದಕ್ಕೆ ಜಾಗ ಕೊಡಲೇ ಇಲ್ಲ, 2015ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ವಿಸ್ತಾ, 7 ಮತ್ತು 8.1ರಲ್ಲೂ ಅದನ್ನು ನಿಲ್ಲಿಸಿತು.

ಬೀಗ ಹಾಕಿದವರು ಕೀಲಿ ತೆಗೆಯುವ ಅಪ್‌ಡೇಟ್ ಕೊಡಬಹುದಿತ್ತು. ಕೊಟ್ಟ ಕೊನೆಯ 1.3 ಅಪ್‌ಡೇಟ್ ಕೂಡ ಡಿಸ್ಕ್ ಕೇಳುತ್ತದೆ.

ನಿಮಗಿರುವ ನೇರ ದಾರಿ ಹಳೆಯ ಕಂಪ್ಯೂಟರ್. ಈ ಆಟ ಕೇಳುವುದು 1.4 ಗಿಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 3 ಜಿಬಿ ಜಾಗ. ಗುಜರಿಗೆ ಹಾಕಲು ತೆಗೆದಿಟ್ಟ ಪಿಸಿಯೇ ಸಾಕು. ವಿಂಡೋಸ್ ಎಕ್ಸ್‌ಪಿ ಇದ್ದರೆ ಸೀದಾ ಓಡುತ್ತದೆ. ವಿಂಡೋಸ್ 7 ಇದ್ದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಸಿ ಕಾನ್ಫಿಗ್’ ಆಜ್ಞೆಯಲ್ಲಿ ಈ ಡ್ರೈವರ್‌ನ ‘ಸ್ಟಾರ್ಟ್’ ಮೌಲ್ಯವನ್ನು ‘ಡಿಮ್ಯಾಂಡ್’ ಮಾಡಿ, ಆಮೇಲೆ ‘ಎಸ್‌ಸಿ ಸ್ಟಾರ್ಟ್’ ಕೊಟ್ಟು ಡ್ರೈವರ್ ಎಬ್ಬಿಸಿ. ಮೊದಲ ಆಜ್ಞೆಯಲ್ಲಿ ಸಮ ಚಿಹ್ನೆಯಾದ ಮೇಲೆ ಒಂದು ಜಾಗ ಬಿಡಲೇಬೇಕು, ಬಿಡದಿದ್ದರೆ ಆಜ್ಞೆ ಒಪ್ಪುವುದಿಲ್ಲ. ಆಟ ಮುಗಿದ ಮೇಲೆ ‘ಎಸ್‌ಸಿ ಸ್ಟಾಪ್’ ಕೊಟ್ಟು ಮಲಗಿಸಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಆ ಯಂತ್ರವನ್ನು ಇಂಟರ್ನೆಟ್‌ಗೆ ಸೇರಿಸಬೇಡಿ. ಎಲ್ಲಿಂದಲೋ ಈ ಡ್ರೈವರ್ ಫೈಲ್ ತಂದು ವಿಂಡೋಸ್ 11ಕ್ಕೆ ತುರುಕುವ ‘ಉಪಾಯ’ಗಳನ್ನು ವೀಡಿಯೊಗಳಲ್ಲಿ ತೋರಿಸುತ್ತಾರೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ನಲ್ಲಿ ಖಂಡಿತ ಬೇಡ.

ಮನೆಯಲ್ಲಿ ಪಿಎಸ್2 ಉಳಿದಿದ್ದರೆ ಇದೇ ಆಟದ ಪಿಎಸ್2 ಡಿಸ್ಕ್ ಹುಡುಕಿ. ಚಿತ್ರ ಸ್ವಲ್ಪ ಮಂದ, ತಲೆನೋವು ಸೊನ್ನೆ.

ಪ್ರಶ್ನೆ: ಅಸಲಿ ಡಿಸ್ಕ್ ಇದ್ದವರು ‘ನೋ-ಸಿಡಿ’ ಫೈಲ್ (ಡಿಸ್ಕ್ ಕೇಳದಂತೆ ತಿದ್ದಿದ ಪ್ರೋಗ್ರಾಂ) ಬಳಸುವುದು ಕಾನೂನಿಗೆ ವಿರುದ್ಧವೇ? (ಮಂಡ್ಯದ ಓದುಗರು)

ಉತ್ತರ: ಕಾಯ್ದೆಯಲ್ಲಿರುವುದನ್ನು ಹೇಳುತ್ತೇವೆ, ವಕೀಲರ ಸಲಹೆಗೆ ಇದು ಬದಲಿಯಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಕಲಂ ಸೇರಿತು. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ, ದಂಡ. ‘ಉದ್ದೇಶದಿಂದ’ ಎಂಬ ಮಾತಿನ ಮೇಲೆಯೇ ಕಲಂ ನಿಂತಿದೆ, ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮಾಡಿದ್ದಕ್ಕೆ ಅದೇ ಕಲಮಿನಲ್ಲಿ ವಿನಾಯಿತಿಯೂ ಇದೆ. ಜೊತೆಗೆ 52ನೇ ಕಲಂ, ಕಾನೂನುಬದ್ಧವಾಗಿ ಪ್ರೋಗ್ರಾಮಿನ ಪ್ರತಿ ಹೊಂದಿದವರು ಅದನ್ನು ಕೊಂಡ ಉದ್ದೇಶಕ್ಕೆ ಬಳಸಲು ಬೇಕಾದ ನಕಲು ಅಥವಾ ಮಾರ್ಪಾಟು ಮಾಡುವುದನ್ನೂ ಹಾಳಾದರೆ ಇರಲಿ ಎಂದು ಬ್ಯಾಕಪ್ ಇಡುವುದನ್ನೂ ಉಲ್ಲಂಘನೆ ಎನ್ನುವುದಿಲ್ಲ. ಕೊಂಡು ಆಡುವವನ ಪರ ವಾದಕ್ಕೆ ಇಲ್ಲಿ ಜಾಗವಿದೆ. ಬೇರೆಯವರು ಮುರಿದ ಫೈಲನ್ನು ಹಂಚುವವರಿಗೆ ಆ ಜಾಗ ಇಲ್ಲ.

ಕೋರ್ಟಿಗಿಂತ ಹತ್ತಿರದ ಅಪಾಯ ವೈರಸ್. ಇಂಥ ಫೈಲ್ ಆ್ಯಂಟಿವೈರಸ್ ನಿಲ್ಲಿಸಿ ಓಡಿಸಿ ಎಂದು ಕೇಳುತ್ತದೆ. ಒಳಗೆ ಇನ್ನೇನು ಕೂತಿದೆ ಎಂದು ಆಗ ಹೇಳುವವರಿಲ್ಲ.

ಪ್ರಶ್ನೆ: ‘ಡ್ರೈವರ್: ಸ್ಯಾನ್ ಫ್ರಾನ್ಸಿಸ್ಕೊ’ ಆಟದ ಪಿಸಿ ಡಬ್ಬ ಇಲ್ಲಿ ಗರಾಜ್ ಸೇಲ್‌ನಲ್ಲಿ ನೋಡಿದೆ. ನಾವಿರುವ ಊರಿನ ಪಕ್ಕದ ಊರೇ ಆಟದಲ್ಲಿದೆ ಎಂದು ಮಕ್ಕಳಿಗೆ ಆಸೆ. ತೆಗೆದುಕೊಳ್ಳಬಹುದೇ? (ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಿಂದ ಕನ್ನಡತಿ)

ಉತ್ತರ: ಪಿಸಿ ಡಬ್ಬ ಬೇಡ. ಒಳಗಿನ ಕೀಯನ್ನು ಮೊದಲು ಬಳಸಿದವರ ಯೂಬಿಸಾಫ್ಟ್ ಖಾತೆಗೆ ಅದು ಅಂಟಿಕೊಂಡಿರುತ್ತದೆ, ನಿಮ್ಮ ಖಾತೆಗೆ ಬರುವುದಿಲ್ಲ. ಪ್ಯಾಕ್ ಒಡೆಯದ ಡಬ್ಬವಾದರೆ ಮಾತು ಬೇರೆ. ಡಿಜಿಟಲ್ ಆಗಿ ಕೊಳ್ಳೋಣವೆಂದರೆ ಆಟ ಅಂಗಡಿಗಳಿಂದ ಇಳಿದು ವರ್ಷಗಳಾದವು. ಅದೇ ಆಟದ ಎಕ್ಸ್‌ಬಾಕ್ಸ್ 360 ಅಥವಾ ಪಿಎಸ್3 ಡಿಸ್ಕ್ ಸಿಕ್ಕರೆ, ಆ ಕನ್ಸೋಲೂ ಇದ್ದರೆ, ಕಣ್ಣುಮುಚ್ಚಿ ತೆಗೆದುಕೊಳ್ಳಿ. ಕಥೆಯ ಭಾಗಕ್ಕೆ ಲಾಗಿನ್ ಬೇಡ.

ಈ ಆಟದ ಹೆಸರು ಬಂದಾಗಲೆಲ್ಲ ಅದರ ಬೀಗದ ಮಾತೂ ಬರುತ್ತದೆ. ಓಡುತ್ತಿರುವ ಗಾಡಿಯಿಂದ ಮನಸ್ಸು ಹಾರಿ ಇನ್ನೊಂದು ಗಾಡಿಯ ಚಾಲಕನೊಳಗೆ ಕೂರುವ ‘ಶಿಫ್ಟ್’ ಎಂಬ ಚಮತ್ಕಾರ ಇದರಲ್ಲಿದೆ. ಎದುರಾಳಿಯನ್ನು ತಡೆಯಲು ಎದುರಿನಿಂದ ಬರುವ ಲಾರಿಯೊಳಗೆ ಹೊಕ್ಕು ಡಿಕ್ಕಿ ಹೊಡೆಯಬಹುದು. ಇಂಥ ಆಟಕ್ಕೆ 2011ರಲ್ಲಿ ಯೂಬಿಸಾಫ್ಟ್ ಮೊದಲು ಹೇಳಿದ್ದು, ಆಡುವಷ್ಟು ಹೊತ್ತೂ ಇಂಟರ್ನೆಟ್ ಇರಲೇಬೇಕು ಎಂದು. ಜನ ರೇಗಿದ ಮೇಲೆ ಬಿಡುಗಡೆಗೆ ಮುಂಚೆ ಅದನ್ನು ‘ತೆರೆಯುವಾಗ ಒಮ್ಮೆ ಲಾಗಿನ್’ ಎಂದು ಇಳಿಸಿದರು. ಸದಾ ಇಂಟರ್ನೆಟ್ ಕೇಳುವ ಪದ್ಧತಿಯನ್ನು ಪಿಸಿ ಆಟಗಳಲ್ಲಿ ಕೈಬಿಟ್ಟಿದ್ದೇವೆ ಎಂದು ಕಂಪನಿ 2012ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಎರಡೇ ವರ್ಷಕ್ಕೆ ದಿ ಕ್ರೂ ಬಂತು; ಬೀಗವನ್ನು ಆಟದ ವಿನ್ಯಾಸ ಎಂದು ಕರೆದರೆ ಮುಗಿಯಿತು ನೋಡಿ.

ನೀವಿರುವ ಕಡೆಯ ಎರಡು ವಿಷಯ ತಿಳಿದಿರಲಿ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯದ ಕಾನೂನಿನಂತೆ, ಕೊಡುವುದು ಲೈಸೆನ್ಸ್ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಅಂಗಡಿಗಳು ‘ಬೈ’ ಎಂಬ ಗುಂಡಿ ಇಡುವಂತಿಲ್ಲ. ಇಳಿಸಿಕೊಂಡು ಶಾಶ್ವತವಾಗಿ ಆಫ್‌ಲೈನ್ ಬಳಸಬಹುದಾದವಕ್ಕೆ ಈ ನಿಯಮ ಅನ್ವಯಿಸದು. ಇನ್ನೊಂದು ಇಡೀ ಅಮೆರಿಕಕ್ಕೆ ಸೇರಿದ್ದು. ಪರಿಶೀಲನಾ ಸರ್ವರ್ ನಿಂತುಹೋದ ಆಟವನ್ನು ಅಸಲಿ ಪ್ರತಿ ಇರುವವರು ತಮ್ಮ ಯಂತ್ರದಲ್ಲೇ ಆಡಲು ಬೀಗ ತೆಗೆಯಬಹುದು ಎಂಬ ವಿನಾಯಿತಿ 2015ರಲ್ಲಿ ಸಿಕ್ಕಿದೆ. ಆನ್‌ಲೈನ್ ಪಂದ್ಯಕ್ಕೆ ಅದು ಸಲ್ಲದು.

ಪ್ರಶ್ನೆ: ‘ಡರ್ಟ್ 2’ ಹಾಕಿದರೆ ‘ಎಕ್ಸ್‌ಲೈವ್ ಡಿಎಲ್ಎಲ್ ಇಲ್ಲ’ ಎನ್ನುತ್ತದೆ. ಆ ಫೈಲ್ ಒಂದು ಜಾಲತಾಣದಲ್ಲಿ ಉಚಿತ ಸಿಗುತ್ತಿದೆ, ಹಾಕಲೇ? (ರಾಯಚೂರಿನ ಓದುಗರು)

ಉತ್ತರ: ಹಾಕಬೇಡಿ. ಅದು ‘ಗೇಮ್ಸ್ ಫಾರ್ ವಿಂಡೋಸ್ ಲೈವ್’ ಎಂಬ ಮೈಕ್ರೋಸಾಫ್ಟ್ ವ್ಯವಸ್ಥೆಯ ಫೈಲ್. ಅದರ ಅಂಗಡಿ 2013ರ ಆಗಸ್ಟ್‌ನಲ್ಲಿ ಮುಚ್ಚಿತು. ಅನಾಥವಾದ ಡಿಎಲ್ಎಲ್ ಹಂಚುವ ತಾಣಗಳು ಇಂಥ ಸಂದರ್ಭಕ್ಕೇ ಕಾದಿರುತ್ತವೆ. ಮೈಕ್ರೋಸಾಫ್ಟ್‌ನ ಮೂಲ ಸೆಟಪ್ ಓಡಿಸಿ. ಕೊನೆಯಲ್ಲಿ ಅದು ದೋಷ ತೋರಿಸಿ ನಿಂತರೂ ಗಾಬರಿ ಬೇಡ. ನಿಮ್ಮ ‘ಆ್ಯಪ್‌ಡೇಟಾ’ದ ‘ಲೋಕಲ್’, ಅದರೊಳಗೆ ‘ಮೈಕ್ರೋಸಾಫ್ಟ್’, ಅದರೊಳಗೆ ‘ಜಿಎಫ್‌ಡಬ್ಲ್ಯು ಲೈವ್’ ಫೋಲ್ಡರಿನ ‘ಡೌನ್‌ಲೋಡ್ಸ್’ನಲ್ಲಿ ಅದು ಇಳಿಸಿದ ಬಿಡಿ ಇನ್‌ಸ್ಟಾಲರ್‌ಗಳಿರುತ್ತವೆ. ಅವನ್ನು ಕೈಯಾರೆ ಓಡಿಸಿದರೆ ಆಯಿತು.

ಆಟ ತೆರೆದಾಗ ಲಾಗಿನ್ ಕೇಳುವ ಪಟ್ಟಿ ಬರುತ್ತದೆ. ಹೊಸ ಪ್ರೊಫೈಲ್ ಮಾಡುವ ಪುಟದ ಪಠ್ಯವನ್ನು ಕೆಳತನಕ ಸರಿಸಿ, ‘ಲೋಕಲ್ ಪ್ರೊಫೈಲ್’ ಎಂಬ ಕೊಂಡಿ ಅಲ್ಲಿ ಅಡಗಿದೆ. ಅದನ್ನು ಆರಿಸಿದರೆ ಸರ್ವರ್ ಇಲ್ಲದೆ ಆಡಬಹುದು. ಸೇವ್ ಆ ಪ್ರೊಫೈಲ್‌ಗೆ ಕಟ್ಟಿಕೊಂಡಿರುತ್ತದೆ. ಅದನ್ನು ಅಳಿಸಿದರೆ ಸೇವ್ ಫೈಲ್ ಇದ್ದೂ ತೆರೆಯದು. ಮುಂದಿನ ‘ಡರ್ಟ್ 3’ಕ್ಕೆ 2015ರಲ್ಲಿ ಬಂದ ‘ಕಂಪ್ಲೀಟ್ ಎಡಿಷನ್’ ಈ ವ್ಯವಸ್ಥೆಯನ್ನೇ ಕಿತ್ತುಹಾಕಿತು. ಎರಡರಲ್ಲಿ ಒಂದು ಸಾಕೆಂದರೆ ಅದು ಸುಲಭ.

ಪ್ರಶ್ನೆ: ಲಿನಕ್ಸ್‌ನಲ್ಲಿ ಸ್ಟೀಮ್ (ಪಿಸಿ ಆಟಗಳ ಆನ್‌ಲೈನ್ ಅಂಗಡಿ) ಮೂಲಕ ಎಫ್1 ಆಟ ಸರಿಹೊಂದಿಸುತ್ತಿದ್ದಾಗ ‘ಆ್ಯಕ್ಟಿವೇಷನ್ ಮಿತಿ ಮುಗಿದಿದೆ’ ಎಂದು ಬಂತು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಹೇಗೆ? (ಉಡುಪಿಯ ಓದುಗರು)

ಉತ್ತರ: ‘ಡೆನುವೊ’ ಬೀಗ ಇರುವ ಆಟದಲ್ಲಿ, ವಿಂಡೋಸ್ ಆಟವನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಎಂಬ ಸಾಫ್ಟ್‌ವೇರಿನ ಆವೃತ್ತಿ ಬದಲಾಯಿಸಿದಾಗಲೆಲ್ಲ ಅದಕ್ಕೆ ನಿಮ್ಮದು ಹೊಸ ಕಂಪ್ಯೂಟರ್‌ನಂತೆ ಕಾಣುತ್ತದೆ. ದಿನಕ್ಕೆ ಸಾಮಾನ್ಯವಾಗಿ ಐದು ‘ಕಂಪ್ಯೂಟರ್’ ಮಿತಿ. 24 ಗಂಟೆ ಬಿಟ್ಟು ನೋಡಿ, ಆಮೇಲೆ ಒಂದೇ ಆವೃತ್ತಿಗೆ ಅಂಟಿಕೊಳ್ಳಿ.

ವಿಂಡೋಸ್‌ನವರಿಗೂ ಇದರ ಸೋದರ ಕಾಟ ಇತ್ತು. 2021ರ ಕೊನೆಗೆ ಬಂದ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ದೊಡ್ಡ, ಚಿಕ್ಕ ಎಂದು ಎರಡು ಬಗೆಯ ಕೋರ್‌ಗಳಿವೆ. ಹಳೆಯ ಬೀಗಗಳು ಚಿಕ್ಕ ಕೋರ್‌ಗಳನ್ನು ಬೇರೆ ಕಂಪ್ಯೂಟರ್ ಎಂದೇ ಲೆಕ್ಕ ಹಾಕಿ ಆಟ ನಿಲ್ಲಿಸುತ್ತಿದ್ದವು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ಸ್) ‘ಲೆಗಸಿ ಗೇಮ್ ಕಂಪ್ಯಾಟಿಬಿಲಿಟಿ ಮೋಡ್’ ಇದ್ದರೆ ಅದನ್ನು ಹಾಕಿ, ಆಟದ ಮೊದಲು ಸ್ಕ್ರೋಲ್ ಲಾಕ್ ಒತ್ತಿದರೆ ಚಿಕ್ಕ ಕೋರ್‌ಗಳು ಬದಿಗೆ ಸರಿಯುತ್ತವೆ. ಯಾರಿಗೂ ಬೇಡವಾಗಿದ್ದ ಆ ಗುಂಡಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್. ನೆಟ್ ಚೆನ್ನಾಗಿದೆ, ಆದರೂ ಬೆಳಿಗ್ಗೆ ಆನ್ ಮಾಡಿದಾಗ ಆಟದ ಲಾಂಚರ್ ‘ಸರ್ವರ್ ಲಭ್ಯವಿಲ್ಲ’ ಎನ್ನುತ್ತದೆ. (ಚಿಕ್ಕಮಗಳೂರಿನ ಓದುಗರು)

ಉತ್ತರ: ಬಲಗಡೆ ಕೆಳಗಿರುವ ತಾರೀಖು ನೋಡಿ. ವರ್ಷಗಟ್ಟಲೆ ಹಿಂದಿನದು ಕಾಣುತ್ತಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ. ಸರ್ವರ್‌ನ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಷ್ಟು ತಾರೀಖಿನಿಂದ ಇಂತಿಷ್ಟರವರೆಗೆ ಎಂಬ ಅವಧಿ ಇರುತ್ತದೆ. ಗಡಿಯಾರ ಆ ಅವಧಿಯ ಹೊರಗಿದ್ದರೆ ಸಂಪರ್ಕವೇ ಕೂಡುವುದಿಲ್ಲ, ಲಾಂಚರ್‌ಗೆ ಅದು ‘ಸರ್ವರ್ ಇಲ್ಲ’ ಎಂದಷ್ಟೇ ಗೊತ್ತು. ಪ್ಲಗ್ ಕಿತ್ತು, ಸಿಆರ್2032 ನಾಣ್ಯ ಬ್ಯಾಟರಿ ಬದಲಿಸಿ, ಬರಹ ಇರುವ ಪ್ಲಸ್ ಮುಖ ಮೇಲಕ್ಕೆ.

ಪ್ರಶ್ನೆ: ಮಗಳಿಗೆ ರೇಸಿಂಗ್ ಆಟ ಕೊಡಿಸಬೇಕು. ಹತ್ತು ವರ್ಷ ಆದ ಮೇಲೂ ಆಡುವಂತಿರಬೇಕು. ಕೊಳ್ಳುವ ಮೊದಲು ಏನು ನೋಡಬೇಕು? (ಮೈಸೂರಿನ ಓದುಗರು)

ಉತ್ತರ: ಪಿಸಿಗಾದರೆ ಸ್ಟೀಮ್‌ನ ಆಟದ ಪುಟದಲ್ಲಿ ಬಲಬದಿ ನೋಡಿ. ಹೊರಗಿನ ಖಾತೆ ಬೇಕು, ಹೊರಗಿನ ಬೀಗ ಇದೆ ಎಂಬ ಸೂಚನೆ ಅಲ್ಲಿ ಇರುತ್ತದೆ. ‘ಪಿಸಿ ಗೇಮಿಂಗ್ ವಿಕಿ’ಯಲ್ಲಿ ಯಾವ ಅಂಗಡಿಯ ಪ್ರತಿಗೆ ಯಾವ ಬೀಗ ಎಂದು ಕೋಷ್ಟಕವೇ ಇದೆ. ಕನ್ಸೋಲ್ ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ‘ಇಂಟರ್ನೆಟ್ ಅಗತ್ಯ’ ಎಂದಿದ್ದರೆ, ಅದು ಯಾವುದಕ್ಕೆ ಎಂದು ಓದಿ: ಆನ್‌ಲೈನ್ ಪಂದ್ಯಕ್ಕೆ ಮಾತ್ರವೋ, ಆಟಕ್ಕೇ ಏನೋ. 2015ರ ‘ನೀಡ್ ಫಾರ್ ಸ್ಪೀಡ್’ ಎರಡನೆಯ ಜಾತಿ.

ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಮಾಡಬೇಕಾದ ಪರೀಕ್ಷೆ ಇದು: ಒಮ್ಮೆ ಆಟ ತೆರೆದು ಮುಚ್ಚಿ, ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಕೊಡಿ, ರೌಟರ್ ಆಫ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಆಟ ತೆರೆಯಿರಿ. ರೇಸ್ ಮುಗಿಸಿ ಸೇವ್ ಆಯಿತೇ ನೋಡಿ. ರೌಟರ್ ಆಫ್ ಮಾಡದೆ ನಡೆಸಿದ ಪರೀಕ್ಷೆ ಪರೀಕ್ಷೆಯಲ್ಲ, ಕೆಲವು ಲಾಂಚರ್‌ಗಳು ಹಿಂಬಾಗಿಲಿನಿಂದ ಸಂಪರ್ಕ ಸಾಧಿಸಿರುತ್ತವೆ.

ಇನ್ನೊಂದು ಗೊಂದಲ ಬಿಡಿಸಿಬಿಡೋಣ. ಅಂಗಡಿಯಿಂದ ಇಳಿಸುವುದೂ ಸರ್ವರ್ ಮುಚ್ಚುವುದೂ ಒಂದೇ ಅಲ್ಲ. ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್ 15ಕ್ಕೆ ಮಾರಾಟ ನಿಲ್ಲಿಸಿತು. ಗಾಡಿ ಕಂಪನಿಗಳ ಹೆಸರು, ಹಾಡುಗಳ ಪರವಾನಗಿ ಒಂದು ಅವಧಿಗೆ ಮಾತ್ರ ಇರುವುದೇ ಇದಕ್ಕೆ ಕಾರಣ. ಆದರೆ ಮೊದಲೇ ಕೊಂಡವರು ಅದನ್ನು ಇನ್ನೂ ಇಳಿಸಿ ಆಡಬಹುದು. ರೇಸಿಂಗ್ ಆಟಗಳು ಬೇರೆ ಆಟಗಳಿಗಿಂತ ಬೇಗ ಅಂಗಡಿಯಿಂದ ಮಾಯವಾಗುವುದು ಈ ಪರವಾನಗಿಯ ದೆಸೆಯಿಂದ. ಬೇಕೆನಿಸಿದ್ದನ್ನು ಸಿಗುವಾಗ ಕೊಳ್ಳಿ.

ಬೀಗವೇ ಬೇಡವೆಂದರೆ ಗಾಗ್ ಅಂಗಡಿಯಲ್ಲಿ ‘ಆರ್ಟ್ ಆಫ್ ರ‍್ಯಾಲಿ’ ಮತ್ತು ‘ಫ್ಲಾಟ್‌ಔಟ್ 2’ ಇವೆ. ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಮುಗಿಯಿತು, ಯಾರನ್ನೂ ಕೇಳಬೇಕಿಲ್ಲ. ಮಗಳು ಇನ್ನೂ ಚಿಕ್ಕವಳಾದರೆ ‘ಸೂಪರ್‌ಟಕ್ಸ್‌ಕಾರ್ಟ್’ನಿಂದ ಶುರುಮಾಡಿ: ಪೂರ್ತಿ ಉಚಿತ, ಓಪನ್ ಸೋರ್ಸ್, ಒಂದೇ ಪರದೆಯಲ್ಲಿ ನೀವೂ ಜೊತೆಗೆ ಕೂತು ಆಡಬಹುದು. ಫ್ಲಾಟ್‌ಔಟ್ 2ರಲ್ಲಿ ಚಾಲಕ ಗಾಜು ಒಡೆದುಕೊಂಡು ಹೊರಗೆ ಹಾರುತ್ತಾನೆ, ಅದನ್ನು ಇನ್ನೆರಡು ವರ್ಷ ತಡೆದು ಕೊಡಿ.